ನೆಲದಿಂದ ನಕ್ಷೆಗೆ: ಪ್ರಾಥಮಿಕ ಶಾಲೆಯ ಭೂಗೋಳ ಬೋಧನೆ ನಡೆದು ಬಂದ ದಾರಿ

ಎಳೆಯ ಮಕ್ಕಳಿಗೆ ಭೂಗೋಳವನ್ನು ಕಲಿಸುವ ಪ್ರಯತ್ನಗಳ ಮೂರೂವರೆ ಶತಮಾನಗಳ ಇತಿಹಾಸವನ್ನು ಗಮನಿಸಿದರೆ, ಮಗುವಿನ ಮುಂದೆ ಮೊದಲು ಇಡಬೇಕಾದುದು ನೆಲವನ್ನೋ ನಕ್ಷೆಯನ್ನೋ ಎಂಬ ಪ್ರಶ್ನೆ ಪ್ರತಿಯೊಂದು ತಲೆಮಾರಿನಲ್ಲೂ ಹೊಸದಾಗಿ ಎದ್ದು ನಿಂತಿರುವುದು ಕಾಣುತ್ತದೆ. ಈ ಪ್ರಶ್ನೆ ಸುಲಭವಾದದ್ದಲ್ಲ, ಏಕೆಂದರೆ ನಕ್ಷೆಯೆಂಬುದು ದೊಡ್ಡವರು ತಮ್ಮೊಳಗೆ ಮಾಡಿಕೊಂಡ ನಾಲ್ಕು ಒಪ್ಪಂದಗಳ ಮೇಲೆ ನಿಂತಿದೆ: ಎಲ್ಲವನ್ನೂ ನೆತ್ತಿಯ ಮೇಲಿನಿಂದ ನೋಡಿದಂತೆ ಬರೆಯುವುದು, ದಿಕ್ಕನ್ನು ಹಾಳೆಯ ಅಂಚಿಗೆ ಹೊಂದಿಸುವುದು, ನೆಲದ ದೂರವನ್ನು ಒಂದು ನಿಶ್ಚಿತ ಪ್ರಮಾಣದಲ್ಲಿ ಕುಗ್ಗಿಸುವುದು, ಮತ್ತು ವಸ್ತುಗಳ ಬದಲಿಗೆ ಸಂಕೇತಗಳನ್ನು ಬಳಸುವುದು. ಗುಡಿಯನ್ನು ಎದುರಿನಿಂದ, ಗೋಪುರ ಸಮೇತ ಕಂಡ ಮಗುವಿಗೆ ಅದು ಹಾಳೆಯ ಮೇಲೆ ಒಂದು ಸಣ್ಣ ಚೌಕವಾಗುವುದು ಸಹಜವಾಗಿ ಹೊಳೆಯುವ ಸಂಗತಿಯೇನಲ್ಲ.

ಈ ತೊಡಕನ್ನು ಮೊದಲು ಗುರುತಿಸಿದವರಲ್ಲಿ ಹದಿನೇಳನೆಯ ಶತಮಾನದ ಶಿಕ್ಷಣ ಚಿಂತಕ ಕೊಮೆನಿಯಸ್ ಮುಖ್ಯನು. 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಪ್ರಕಟವಾದ ಆತನ ಸಚಿತ್ರ ಪಠ್ಯಪುಸ್ತಕ ಮಕ್ಕಳ ಓದಿನೊಳಗೆ ಚಿತ್ರಕ್ಕೆ ಸ್ಥಾನ ಕಲ್ಪಿಸಿತು. ಬೆಟ್ಟ, ಕಣಿವೆ, ಹೊಲ, ನದಿ, ಊರು ಎಂಬ ಭೇದಗಳು ಮಗುವಿಗೆ ತಿಳಿಯತೊಡಗಿದಾಗಲೇ ಭೂಗೋಳದ ಕಲಿಕೆ ಆರಂಭವಾಗುತ್ತದೆ ಎಂಬುದು ಆತನ ನಿಲುವಾಗಿತ್ತು. 1762ರಲ್ಲಿ ಹೊರಬಂದ ‘ಎಮಿಲ್’ ಕೃತಿಯಲ್ಲಿ ರೂಸೋ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಬಾಲಕನ ಭೂಗೋಳವು ಅವನು ವಾಸಿಸುವ ಊರಿನಿಂದ ಶುರುವಾಗಬೇಕು, ಅವನ ಮೊದಲ ನಕ್ಷೆಯನ್ನು ಅವನೇ ಬರೆಯಬೇಕು, ಅದರಲ್ಲಿ ತಪ್ಪುಗಳಿದ್ದರೂ ಚಿಂತೆಯಿಲ್ಲ ಎಂದು ವಾದಿಸಿದನು. ಆದರೆ ಅದೇ ಕಾಲದ ಶಾಲೆಗಳಲ್ಲಿ ನಡೆಯುತ್ತಿದ್ದುದು ಬೇರೆ. ಲಂಡನ್ನಿನ ನಕ್ಷೆಗಾರ ಜಾನ್ ಸ್ಪಿಲ್ಸ್‌ಬರಿ 1760ರ ದಶಕದಲ್ಲಿ ನಕ್ಷೆಗಳನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯಗುಂಟ ಕತ್ತರಿಸಿ, ಜೋಡಿಸುವ ಆಟಿಕೆಯಾಗಿ ಮಾರಿದನು; ಅಮೆರಿಕದಲ್ಲಿ ಜೆಡಿಡಯಾ ಮೋರ್ಸ್ 1784ರಲ್ಲಿ ಹೊರತಂದ ಪಠ್ಯಪುಸ್ತಕ ಹಲವು ತಲೆಮಾರುಗಳ ಮಕ್ಕಳ ಕೈ ಸೇರಿತು. ಹೆಸರು, ಗಡಿ, ರಾಜಧಾನಿಗಳನ್ನು ಬಾಯಿಪಾಠ ಮಾಡುವುದೇ ಭೂಗೋಳವೆಂಬ ನಂಬಿಕೆ ಬೇರೂರಿದ್ದು ಆ ಕಾಲದಲ್ಲಿಯೇ.

ಈ ನಂಬಿಕೆಗೆ ಬಂದ ಅತ್ಯಂತ ಗಟ್ಟಿಯಾದ ಉತ್ತರವನ್ನು ಸ್ವಿಟ್ಜರ್ಲೆಂಡಿನ ಇವರ್ಡನ್ ಎಂಬ ಊರಿನ ಹಳೆಯ ಕೋಟೆಯಲ್ಲಿ 1805ರಿಂದ 1825ರವರೆಗೆ ಶಿಕ್ಷಣ ಸುಧಾರಕ ಪೆಸ್ಟಲೋಜಿ ನಡೆಸಿದ ಶಾಲೆಯಲ್ಲಿ ಕಾಣಬಹುದು. ಅಲ್ಲಿ ಬಾಲ್ಯದಲ್ಲಿ ಓದಿ ಮುಂದೆ ಇತಿಹಾಸಕಾರನಾದ ವುಲಿಯಮಿನ್ ಬರೆದಿಟ್ಟಿರುವ ವಿವರದಂತೆ, ಮಕ್ಕಳನ್ನು ಬ್ಯೂರಾನ್ ಎಂಬ ಹೊಳೆ ಹರಿಯುವ ಇಕ್ಕಟ್ಟಾದ ಕಣಿವೆಗೆ ಕರೆದೊಯ್ಯಲಾಗುತ್ತಿತ್ತು. ಕಣಿವೆಯನ್ನು ಒಟ್ಟಾಗಿಯೂ ಬಿಡಿಬಿಡಿಯಾಗಿಯೂ ನೋಡಿ ಮನಸ್ಸಿಗೆ ತಂದುಕೊಂಡ ಮೇಲೆ, ಅದರ ಒಂದು ಪಕ್ಕದಲ್ಲಿದ್ದ ಜೇಡಿಮಣ್ಣನ್ನು ಅಗೆದು, ಕೋಟೆಗೆ ಹೊತ್ತು ತಂದು, ಉದ್ದನೆಯ ಮೇಜುಗಳ ಮೇಲೆ ಅದೇ ಕಣಿವೆಯನ್ನು ಉಬ್ಬುತಗ್ಗುಗಳೊಂದಿಗೆ ಮಕ್ಕಳೇ ರೂಪಿಸಬೇಕಾಗಿತ್ತು. ಮುಂದಿನ ದಿನಗಳಲ್ಲಿ ಮತ್ತೆ ಹೊರಸಂಚಾರ, ಪ್ರತಿ ಬಾರಿ ಇನ್ನೂ ಎತ್ತರದ ಜಾಗದಿಂದ ನೋಟ, ಪ್ರತಿ ಬಾರಿ ಮಾದರಿಯ ವಿಸ್ತರಣೆ. ಈ ಕೆಲಸವೆಲ್ಲ ಮುಗಿದ ಮೇಲೆಯೇ ಅಚ್ಚಾದ ನಕ್ಷೆ ಮಕ್ಕಳ ಕಣ್ಣಿಗೆ ಬೀಳುತ್ತಿತ್ತು. ನಕ್ಷೆಯನ್ನು ಅರ್ಥ ಮಾಡಿಕೊಳ್ಳುವ ಸಾಮರ್ಥ್ಯ ಬಂದ ಮೇಲೆ ನಕ್ಷೆ, ಅದಕ್ಕೆ ಮೊದಲಲ್ಲ ಎಂಬ ಈ ಕ್ರಮದಲ್ಲಿ ಎರಡು ಅಂಶಗಳು ಅಡಗಿವೆ. ಒಂದು, ಎತ್ತರದಿಂದ ನೋಡುವ ಅನುಭವವನ್ನು ಹಂತಹಂತವಾಗಿ ಕೊಟ್ಟು ಮೇಲಿನ ನೋಟಕ್ಕೆ ಕಣ್ಣನ್ನು ಪಳಗಿಸುವುದು. ಇನ್ನೊಂದು, ಓದುವುದಕ್ಕೆ ಮೊದಲು ಮಾಡುವುದು. ಈ ಶಾಲೆಯನ್ನು ಕಂಡು ಬೆರಗಾದ ಕಾರ್ಲ್ ರಿಟ್ಟರ್ 1820ರಲ್ಲಿ ಬರ್ಲಿನ್ನಿನಲ್ಲಿ ಭೂಗೋಳದ ಪ್ರಾಧ್ಯಾಪಕನಾದನು, ಮತ್ತು ತನ್ನ ದೃಷ್ಟಿಗೆ ಪೆಸ್ಟಲೋಜಿಯ ಋಣವಿದೆಯೆಂದು ಒಪ್ಪಿಕೊಂಡನು. ಹೀಗೆ ಆಧುನಿಕ ಭೂಗೋಳಶಾಸ್ತ್ರದ ಒಂದು ಬೇರು ಮಕ್ಕಳ ಜೇಡಿಮಣ್ಣಿನಲ್ಲಿದೆ ಎಂಬುದು ಮರೆಯಬಾರದ ಸಂಗತಿ.

ಇಂಥ ಆಲೋಚನೆ ಜರ್ಮನ್ ಶಾಲೆಗಳಲ್ಲಿ ‘ಹೈಮಾಟ್‌ಕುಂಡೆ’, ಅಂದರೆ ಹುಟ್ಟೂರಿನ ಅಧ್ಯಯನ, ಎಂಬ ಪ್ರತ್ಯೇಕ ಪಾಠವಾಗಿ ಬೆಳೆಯಿತು. ಬ್ರಿಟನ್ನಿನಲ್ಲಿ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಗಾಗಿ ಸ್ಕಾಟ್ ಕೆಲ್ಟಿ 1880ರ ದಶಕದ ನಡುವೆ ಸಲ್ಲಿಸಿದ ವರದಿ ಅಲ್ಲಿನ ಭೂಗೋಳ ಬೋಧನೆಯ ದುಃಸ್ಥಿತಿಯನ್ನು ಬಯಲಿಗಿಟ್ಟಿತು. 1893ರಲ್ಲಿ ಭೂಗೋಳ ಶಿಕ್ಷಕರ ಸಂಘವೇ ಸ್ಥಾಪನೆಯಾಯಿತು. ಎಡಿನ್‌ಬರೋದಲ್ಲಿ ಪ್ಯಾಟ್ರಿಕ್ ಗೆಡೆಸ್ 1892ರಿಂದ ನಡೆಸಿದ ‘ಔಟ್‌ಲುಕ್ ಟವರ್’ ಎಂಬ ಕಟ್ಟಡದಲ್ಲಿ ತುದಿಯಿಂದ ನಗರವನ್ನು ನೋಡಿ, ಅಂತಸ್ತು ಅಂತಸ್ತಾಗಿ ಇಳಿಯುತ್ತ ಸುತ್ತಲಿನ ನಾಡನ್ನೂ ಜಗತ್ತನ್ನೂ ಪರಿಚಯಿಸಿಕೊಳ್ಳಬಹುದಾಗಿತ್ತು. ಅಮೆರಿಕದಲ್ಲಿ ಫ್ರಾನ್ಸಿಸ್ ಪಾರ್ಕರ್ 1889ರಲ್ಲಿಯೂ, ಲೂಸಿ ಸ್ಪ್ರೇಗ್ ಮಿಚೆಲ್ 1934ರಲ್ಲಿಯೂ ಶಿಕ್ಷಕರಿಗಾಗಿ ಪುಸ್ತಕ ಬರೆದರು. ಮಿಚೆಲ್ ಅವರ ಕೊಡುಗೆ ಇವರೆಲ್ಲರಿಗಿಂತ ಶಿಕ್ಷಕರಿಗೆ ಹತ್ತಿರವಾದುದು: ಮಕ್ಕಳು ಬೀದಿಯಲ್ಲಿ ನಡೆದು ಬಂದದ್ದನ್ನು ತರಗತಿಯ ನೆಲದ ಮೇಲೆ ಮರದ ತುಂಡುಗಳಿಂದ ಕಟ್ಟುವುದು ಆಟವೂ ಹೌದು, ನಕ್ಷೆಯ ಆರಂಭವೂ ಹೌದು ಎಂದು ಅವರು ತೋರಿಸಿಕೊಟ್ಟರು.

ಆದರೆ ಹತ್ತಿರದಿಂದ ದೂರಕ್ಕೆ ಎಂಬ ಈ ತತ್ತ್ವ ಪಠ್ಯಕ್ರಮದ ಕೈಗೆ ಸಿಕ್ಕಿ ಒಂದು ಕಟ್ಟಳೆಯಾಗಿ ಗಟ್ಟಿಯಾಯಿತು. ಮನೆ, ಶಾಲೆ, ಊರು, ಜಿಲ್ಲೆ, ರಾಜ್ಯ, ದೇಶ, ಜಗತ್ತು ಎಂಬ ವೃತ್ತಗಳನ್ನು ತರಗತಿಗೊಂದರಂತೆ ಹಂಚುವ ಪದ್ಧತಿ ಅಮೆರಿಕದಲ್ಲಿ ಸ್ಟ್ಯಾನ್‌ಫರ್ಡಿನ ಪಾಲ್ ಹಾನಾ ಅವರ ಮೂಲಕ ವ್ಯಾಪಕವಾಯಿತು. ಭಾರತದ ರಾಜ್ಯಗಳ ಪಠ್ಯಗಳಲ್ಲಿಯೂ ಇದೇ ಚೌಕಟ್ಟು ಬಹುಕಾಲ ಆಳಿತು. ಪೆಸ್ಟಲೋಜಿಗೆ ಹುಟ್ಟೂರು ನೋಡಿ, ಅಳೆದು, ಕೈಯಾರೆ ಮಾಡುವ ಒಂದು ವಿಧಾನವಾಗಿದ್ದರೆ, ಪಠ್ಯಕ್ರಮಕ್ಕೆ ಅದು ಕೇವಲ ಒಂದು ಅಧ್ಯಾಯವಾಯಿತು, ಮತ್ತು ಜಿಲ್ಲೆಯ ಬೆಳೆಗಳನ್ನು ಬಾಯಿಪಾಠ ಮಾಡುವುದು ಖಂಡಗಳ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಯಾವ ರೀತಿಯಲ್ಲೂ ಮೇಲಾಗಲಿಲ್ಲ. ಎಂಟು ವರ್ಷದ ಮಗು ದೂರದ ಮರುಭೂಮಿ, ಹಿಮಖಂಡಗಳ ಕಥೆಗೆ ತೋರುವ ಕುತೂಹಲವನ್ನು ಈ ಚೌಕಟ್ಟು ಕಡೆಗಣಿಸುತ್ತದೆ ಎಂದು ಶಿಕ್ಷಣ ಚಿಂತಕ ಕೀರನ್ ಈಗನ್ ಮುಂತಾದವರು ಎತ್ತಿದ ಆಕ್ಷೇಪ ನ್ಯಾಯವಾದುದೇ.

ಬಾಯಿಪಾಠದ ಈ ಚೌಕಟ್ಟಿಗೆ ಬೇರೊಂದು ದಿಕ್ಕಿನಿಂದ ಬಂದ ಉತ್ತರ ಮನೋವಿಜ್ಞಾನಿ ಜೆರೋಮ್ ಬ್ರೂನರ್ ಅವರದು. 1960ರಲ್ಲಿ ಪ್ರಕಟವಾದ ಶಿಕ್ಷಣ ಪ್ರಕ್ರಿಯೆಯ ಕುರಿತ ತಮ್ಮ ಪುಸ್ತಕದಲ್ಲಿ ಅವರು ಆರನೆಯ ತರಗತಿಯ ಒಂದು ಪಾಠವನ್ನು ವಿವರಿಸುತ್ತಾರೆ. ಅಮೆರಿಕದ ಉತ್ತರ-ಮಧ್ಯ ಭಾಗದ ನದಿ, ಸರೋವರ, ಖನಿಜ ಇತ್ಯಾದಿಗಳಷ್ಟೇ ಇದ್ದು ಊರಿನ ಹೆಸರುಗಳಿಲ್ಲದ ನಕ್ಷೆಯೊಂದನ್ನು ಮಕ್ಕಳಿಗೆ ಕೊಟ್ಟು, ದೊಡ್ಡ ನಗರಗಳು ಎಲ್ಲಿರಬಹುದೆಂದು ಊಹಿಸಲು ಹೇಳಲಾಯಿತು. ಸರೋವರಗಳು ಕೂಡುವಲ್ಲಿ ಜಲಸಾರಿಗೆ ಸುಲಭವಾದ್ದರಿಂದ ನಗರ ಅಲ್ಲಿರಬೇಕೆಂದು ಒಂದು ವಾದ ಹುಟ್ಟಿತು, ಕಬ್ಬಿಣದ ಅದಿರಿನ ಹತ್ತಿರವೆಂದು ಮತ್ತೊಂದು, ಫಲವತ್ತಾದ ನೆಲ ಆಹಾರ ಒದಗಿಸುವಲ್ಲಿ ಎಂದು ಇನ್ನೊಂದು. ಸರಿಯುತ್ತರಕ್ಕಿಂತ ಹೆಚ್ಚಾಗಿ ಇಲ್ಲಿ ಗಮನಿಸಬೇಕಾದುದು, ನಕ್ಷೆಯು ನೆನಪಿನ ಪರೀಕ್ಷೆಯಾಗದೆ ತರ್ಕಿಸುವ ಸಾಧನವಾದದ್ದು. ಕರ್ನಾಟಕದ ನದಿ, ಘಟ್ಟ, ಕರಾವಳಿ, ಮಳೆಯ ಪ್ರಮಾಣಗಳಷ್ಟೇ ಇರುವ ಹೆಸರಿಲ್ಲದ ನಕ್ಷೆಯನ್ನು ಮುಂದಿಟ್ಟು ಇದೇ ಬಗೆಯ ಪ್ರಶ್ನೆ ಕೇಳಲು ಒಂದು ಹಾಳೆ ಸಾಕು.

ಮಗುವಿನ ಮನಸ್ಸು ಸ್ಥಳವನ್ನು ಗ್ರಹಿಸುವ ಬಗೆಯನ್ನು ಪ್ರಯೋಗದ ಮೂಲಕ ತಿಳಿಯುವ ಕೆಲಸ ಜಿನೀವಾದ ಮನೋವಿಜ್ಞಾನಿಗಳಾದ ಪಿಯಾಜೆ ಮತ್ತು ಇನ್‌ಹೆಲ್ಡರ್ ಅವರಿಂದ ಬಲಗೊಂಡಿತು. 1948ರಲ್ಲಿ ಅವರು ಪ್ರಕಟಿಸಿದ ಗ್ರಂಥದ ಪ್ರಸಿದ್ಧ ಪ್ರಯೋಗದಲ್ಲಿ, ಮೂರು ಬೆಟ್ಟಗಳ ಮಾದರಿಯ ಒಂದು ಬದಿಗೆ ಕುಳಿತ ಮಗು ಇನ್ನೊಂದು ಬದಿಯ ಗೊಂಬೆಗೆ ಕಾಣುವ ನೋಟವನ್ನು ಗುರುತಿಸಬೇಕಾಗಿತ್ತು. ಚಿಕ್ಕ ಮಕ್ಕಳು ತಮಗೆ ಕಾಣುವುದನ್ನೇ ಗೊಂಬೆಗೂ ಆರೋಪಿಸಿದರು. ಎಳೆಯರಿಗೆ ನಕ್ಷೆ ಎಟುಕದೆಂಬ ತೀರ್ಮಾನವನ್ನು ಹಲವು ಪಠ್ಯಕ್ರಮಗಳು ಇದರಿಂದ ಅವಸರದಲ್ಲಿ ತೆಗೆದವು. ಆದರೆ ಜೇಮ್ಸ್ ಬ್ಲೌಟ್ ಮತ್ತು ಸಂಗಡಿಗರು 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಷ್ಟೇ ಶಾಲೆಗೆ ಸೇರಿದ ಮಕ್ಕಳು ವಿಮಾನದಿಂದ ತೆಗೆದ ಛಾಯಾಚಿತ್ರಗಳಲ್ಲಿ ಮನೆ, ರಸ್ತೆಗಳನ್ನು ಯಾರೂ ಕಲಿಸದೆಯೇ ಗುರುತಿಸಿದ್ದರು. ಕಣ್ಣಾಮುಚ್ಚಾಲೆಯಂಥ ಪರಿಚಿತ ಸನ್ನಿವೇಶ ಕೊಟ್ಟರೆ ಇನ್ನೊಬ್ಬರ ನೋಟವನ್ನು ಪುಟ್ಟ ಮಕ್ಕಳೂ ಊಹಿಸಬಲ್ಲರೆಂಬುದನ್ನು ಮಾರ್ಗರೆಟ್ ಡೊನಾಲ್ಡ್‌ಸನ್ 1978ರ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು. ಇನ್ನೊಂದೆಡೆ ಲಿನ್ ಲಿಬೆನ್ ಮತ್ತು ರಾಜರ್ ಡೌನ್ಸ್ ಉತ್ಸಾಹಕ್ಕೆ ಮಿತಿ ಹಾಕಿದರು: ನಕ್ಷೆಯಲ್ಲಿ ಕೆಂಪು ಗೆರೆಯಾಗಿರುವ ರಸ್ತೆ ನಿಜವಾಗಿಯೂ ಕೆಂಪಾಗಿರುತ್ತದೆಂದು ನಂಬುವ ಮಕ್ಕಳಿದ್ದರು, ಎರಡು ಕಾರು ಹೋಗುವಷ್ಟು ಅಗಲವಿಲ್ಲದ ಗೆರೆ ರಸ್ತೆಯಾಗಲಾರದೆಂದು ವಾದಿಸಿದ ಮಗುವೂ ಇತ್ತು. ಇದು ನಕ್ಷೆ ಎಂದು ಗುರುತಿಸುವುದು ಬೇರೆ, ಅದರ ಸಂಕೇತ ಮತ್ತು ಪ್ರಮಾಣಗಳನ್ನು ತಿಳಿಯುವುದು ಬೇರೆ. ಮೊದಲನೆಯದು ಬೇಗ ಬರುತ್ತದೆ, ಎರಡನೆಯದನ್ನು ಕಲಿಸಬೇಕಾಗುತ್ತದೆ. ಅಕ್ಷರ ಮತ್ತು ಅಂಕಿಗಳ ಜೊತೆಗೆ ನಕ್ಷೆ, ರೇಖಾಚಿತ್ರಗಳನ್ನು ಓದಿ ಬರೆಯುವ ಸಾಮರ್ಥ್ಯವೂ ಮೂಲ ಶಿಕ್ಷಣದ ಭಾಗವಾಗಬೇಕೆಂದು ಬ್ರಿಟನ್ನಿನ ಬಾಲ್ಚಿನ್ ಮತ್ತು ಕೋಲ್‌ಮನ್ 1965ರಲ್ಲಿ ಒತ್ತಾಯಿಸಿದ್ದರ ಬಲ ಈ ಸಂಶೋಧನೆಗಳಿಂದ ಹೆಚ್ಚಾಯಿತು.

ಭಾರತದ ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಮುಖ್ಯ ಸಂಗತಿಯಿದೆ. ಪಿಯರ್ ದಾಸನ್ ಮತ್ತು ರಮೇಶ್ ಮಿಶ್ರ 2010ರಲ್ಲಿ ಪ್ರಕಟಿಸಿದ ಗ್ರಂಥವು ಬಾಲಿ, ನೇಪಾಳ ಹಾಗೂ ವಾರಾಣಸಿಯ ಸುತ್ತಲಿನ ಮಕ್ಕಳು ಹತ್ತಿರದ ವಸ್ತುಗಳನ್ನು ಸಹ ಎಡ-ಬಲಗಳಿಂದಲ್ಲದೆ ಪೂರ್ವ-ಪಶ್ಚಿಮದಂಥ ಹೊರಜಗತ್ತಿನ ಗುರುತುಗಳಿಂದ ಸೂಚಿಸುವುದನ್ನು ದಾಖಲಿಸಿದೆ. ತಮಿಳುನಾಡಿನ ಹಳ್ಳಿಗರಲ್ಲಿಯೂ ಇಂಥದೇ ರೂಢಿಯನ್ನು ಭಾಷಾವಿಜ್ಞಾನಿ ಎರಿಕ್ ಪೆಡರ್ಸನ್ ಗುರುತಿಸಿದ್ದಾರೆ. ಮೂಡಲ ಗದ್ದೆ, ಬಡಗಲ ಕೇರಿ ಎಂದು ದಿಕ್ಕು ಹಿಡಿದು ಮಾತಾಡುವ ಮನೆಗಳಿಂದ ಬರುವ ಕರ್ನಾಟಕದ ಮಕ್ಕಳಿಗೂ ಈ ಬಂಡವಾಳ ಇದ್ದೇ ಇದೆ. ಆದರೆ ಶಾಲೆಯ ಗೋಡೆಗೆ ತೂಗಿದ ನಕ್ಷೆ ಉತ್ತರವನ್ನು ಆಕಾಶದ ಕಡೆಗೆ ತಿರುಗಿಸಿಬಿಡುತ್ತದೆ. ಉತ್ತರವೆಂದರೆ ಮೇಲೆ, ದಕ್ಷಿಣವೆಂದರೆ ಕೆಳಗೆ ಎಂದು ಕಲಿತ ಮಗುವಿಗೆ ಗಂಗಾಮೂಲದಲ್ಲಿ ಹುಟ್ಟಿ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗಗಳ ಮೂಲಕ ಉತ್ತರದತ್ತ ಹರಿಯುವ ತುಂಗೆ ಏರು ಹತ್ತುತ್ತಿರುವಂತೆ ತೋರಿದರೆ ಅದು ಮಗುವಿನ ತಪ್ಪಲ್ಲ. ನಕ್ಷೆಯನ್ನು ಮೊದಲು ನೆಲದ ಮೇಲೆ ಹಾಸಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ಹೊಂದಿಸಿ, ಆಮೇಲೆ ಗೋಡೆಗೇರಿಸಿದರೆ ಈ ಗೊಂದಲದ ಬಹುಪಾಲು ಕಳೆಯುತ್ತದೆ.

ಭಾರತದಲ್ಲಿ ನಕ್ಷೆಯ ಇತಿಹಾಸ ಆಡಳಿತದ ಇತಿಹಾಸವಾಗಿಯೇ ಬೆಳೆಯಿತು. ಸರ್ವೆ ಆಫ್ ಇಂಡಿಯಾ 1767ರಲ್ಲಿ ಆರಂಭವಾಯಿತು. ಬ್ರಿಟಿಷ್ ಸರ್ವೇಕ್ಷಕ ಲ್ಯಾಂಬ್ಟನ್ ಉಪಖಂಡವನ್ನು ಅಳೆಯುವ ತನ್ನ ಮಹಾ ಸರ್ವೇಕ್ಷಣೆಗೆ ಪೂರ್ವಭಾವಿಯಾಗಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದನು. ಆದರೆ ಆ ಅಳತೆಯ ಜ್ಞಾನ ಶಾಲೆಯನ್ನು ತಲುಪಿದ್ದು ಹೆಸರುಗಳ ಪಟ್ಟಿಯಾಗಿ ಮಾತ್ರ. 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ನಯೀ ತಾಲೀಮ್ ಎಂಬ ಶಿಕ್ಷಣ ಪದ್ಧತಿ ಮಗುವಿನ ಪರಿಸರವನ್ನೇ ಕಲಿಕೆಯ ಕೇಂದ್ರಕ್ಕೆ ತಂದಿತು. ಕನ್ನಡದಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಒಬ್ಬಂಟಿಯಾಗಿ ಸಿದ್ಧಪಡಿಸಿದ ‘ಬಾಲ ಪ್ರಪಂಚ’ ಲೋಕದ ವಿಸ್ತಾರವನ್ನು ಮಕ್ಕಳ ಭಾಷೆಯಲ್ಲಿ ತೆರೆದಿಟ್ಟಿತು. ಮಧ್ಯಪ್ರದೇಶದ ಏಕಲವ್ಯ ಸಂಸ್ಥೆ 1980ರ ದಶಕದಲ್ಲಿ ಮಾಧ್ಯಮಿಕ ತರಗತಿಗಳಿಗೆ ಸಿದ್ಧಪಡಿಸಿದ ಸಮಾಜ ವಿಜ್ಞಾನ ಪಠ್ಯಗಳು ಭೂಗೋಳವನ್ನು ಜನರ ಬದುಕಿನ ಮೂಲಕ ಹೇಳಿದವು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಬಂದ ಎನ್‌ಸಿಇಆರ್‌ಟಿಯ ಪರಿಸರ ಅಧ್ಯಯನ ಪುಸ್ತಕಗಳಲ್ಲಿ ನಕ್ಷೆ ಒಂದು ಕಥೆಯೊಳಗೆ ಬರುತ್ತಿತ್ತು: ಐದನೆಯ ತರಗತಿಯ ಮಗು ಗೋಲ್ಕೊಂಡ ಕೋಟೆಯ ನಕ್ಷೆಯಲ್ಲಿ ಬಾಗಿಲುಗಳನ್ನು ಹುಡುಕುತ್ತ, ದಿಕ್ಕು ಹೇಳುತ್ತ, 1 ಸೆಂಟಿಮೀಟರಿಗೆ 110 ಮೀಟರ್ ಎಂಬ ಪ್ರಮಾಣದಿಂದ ದೂರವನ್ನು ಲೆಕ್ಕ ಹಾಕುತ್ತಿತ್ತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾಗಿ ಇಡೀ ರಾಜ್ಯಕ್ಕೆ ಹರಡಿದ ಕರ್ನಾಟಕದ ನಲಿ-ಕಲಿ ಪದ್ಧತಿಯಲ್ಲಿ ಚಟುವಟಿಕೆಗೂ ನೆಲದ ಮೇಲಿನ ಕಲಿಕೆಗೂ ವಿಪುಲ ಅವಕಾಶವಿದೆ. ಇಷ್ಟಾಗಿಯೂ ಮೇಲಿನ ತರಗತಿಗಳಲ್ಲಿ ನಕ್ಷೆ ಎಂದರೆ ಖಾಲಿ ನಕ್ಷೆಯಲ್ಲಿ ಸ್ಥಳ ಗುರುತಿಸಿ ಅಂಕ ಪಡೆಯುವುದು ಎಂಬಲ್ಲಿಗೆ ಮಾತು ನಿಲ್ಲುತ್ತದೆ, ಮತ್ತು ಆ ಪ್ರಶ್ನೆಯ ನೆರಳು ಕೆಳಗಿನ ತರಗತಿಗಳ ಮೇಲೂ ಬೀಳುತ್ತದೆ.

ಅನುಭವಿ ಶಿಕ್ಷಕರು ನೆಚ್ಚಿಕೊಂಡಿರುವ ದಾರಿ ಸರಳವಾಗಿದೆ. ಮೇಜಿನ ಮೇಲೆ ಲೋಟ, ಡಬ್ಬಿ, ಪುಸ್ತಕಗಳನ್ನಿಟ್ಟು ಬೆಂಚಿನ ಮೇಲೆ ನಿಂತು ನೋಡಿದಂತೆ ಬರೆಯಿಸುವುದು ಮೊದಲ ಹಂತ. ಎತ್ತರದ ಲೋಟ ವೃತ್ತವಾಗಿಬಿಡುವುದನ್ನು ಮಕ್ಕಳು ಆಗ ಕಣ್ಣಾರೆ ಕಾಣುತ್ತಾರೆ. ಮುಂದೆ ತರಗತಿಯ ಕೋಣೆಯನ್ನು ಹೆಜ್ಜೆ ಹಾಕಿ ಅಳೆದು, ಗಣಿತದ ಚೌಕಳಿ ಪುಸ್ತಕದಲ್ಲಿ ಒಂದು ಹೆಜ್ಜೆಗೆ ಒಂದು ಚೌಕದಂತೆ ಬರೆಯುವಾಗ, ಉದ್ದ ಕಾಲಿನ ಹುಡುಗಿಗೆ 14 ಹೆಜ್ಜೆಯಾದ ಕೋಣೆ ಪುಟ್ಟ ಹುಡುಗನಿಗೆ 18 ಹೆಜ್ಜೆಯಾಗುತ್ತದೆ. ಒಂದೇ ಕೋಣೆಗೆ ಎರಡು ಅಳತೆಯ ನಕ್ಷೆಗಳು ಹುಟ್ಟಿದಾಗ ಎಲ್ಲರಿಗೂ ಒಂದೇ ಆದ ಮೀಟರಿನ ಅಗತ್ಯವನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಸಂಕೇತಗಳನ್ನೂ ಮೊದಲು ಅವರೇ ಕಲ್ಪಿಸಿಕೊಂಡು, ಒಬ್ಬರ ಸಂಕೇತ ಇನ್ನೊಬ್ಬರಿಗೆ ತಿಳಿಯದೆ ಹೋದಾಗ ಸೂಚಿ ಬರೆಯುವುದನ್ನು ಕಲಿಯುತ್ತಾರೆ. ಈ ಹಾದಿಯನ್ನು ಸವೆಸಿದ ಮಗುವಿನ ಕೈಗೆ ಬಂದ ಅಟ್ಲಾಸ್ ಪರಕೀಯವೆನಿಸುವುದಿಲ್ಲ.

2005ರಲ್ಲಿ ಗೂಗಲ್ ಅರ್ಥ್, 2009ರಲ್ಲಿ ಇಸ್ರೋದ ಭುವನ್ ಬಂದ ಮೇಲೆ ಪೆಸ್ಟಲೋಜಿಯ ಮಕ್ಕಳು ಗುಡ್ಡ ಹತ್ತಿ ಪಡೆಯುತ್ತಿದ್ದ ಮೇಲಿನ ನೋಟ ಬೆರಳ ತುದಿಗೆ ಬಂದಿದೆ. ಆದರೆ ಫೋನಿನ ನಕ್ಷೆಯಲ್ಲಿ ಜಗತ್ತು ಯಾವಾಗಲೂ ಬಳಸುವವನ ಸುತ್ತಲೇ ತಿರುಗುವುದರಿಂದಲೂ, ಬೆರಳಾಡಿಸಿದಂತೆ ಪ್ರಮಾಣ ಬದಲಾಗುವುದರಿಂದಲೂ, ದಿಕ್ಕು ಮತ್ತು ಪ್ರಮಾಣಗಳ ಪಾಠಕ್ಕೆ ಅದೊಂದೇ ಸಾಲದು. ಹಿಂದೆ ಶಾಲೆಗಳಿಗೆ ತಮ್ಮೂರಿನ ವಿವರವಾದ ನಕ್ಷೆ ಸುಲಭವಾಗಿ ಸಿಗುತ್ತಿರಲಿಲ್ಲ. ಗಡಿ ಮತ್ತು ಕರಾವಳಿ ಪ್ರದೇಶಗಳ ಹಾಳೆಗಳ ಮೇಲೆ ನಿರ್ಬಂಧವಿತ್ತು. 2005ರ ರಾಷ್ಟ್ರೀಯ ನಕ್ಷೆ ನೀತಿಯಿಂದ ಈ ಬಿಗಿ ಸಡಿಲಗೊಂಡು, 2017ರಲ್ಲಿ ‘ನಕ್ಷೆ’ ಜಾಲತಾಣ ಆರಂಭವಾದಂದಿನಿಂದ ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ, ಅಂದರೆ ನೆಲದ 1 ಕಿಲೋಮೀಟರಿಗೆ 2 ಸೆಂಟಿಮೀಟರಿನಂತೆ ಬರೆದ ಹಾಳೆಗಳು ಉಚಿತವಾಗಿ ದೊರೆಯುತ್ತಿವೆ. ಆ ಹಾಳೆಯಲ್ಲಿ ಊರಿನ ಕೆರೆ, ಹಳ್ಳ, ಕಾಲುದಾರಿ, ಗುಡ್ಡದ ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಎಲ್ಲವೂ ಇವೆ. ಪ್ರಪಂಚದ ಮತ್ತು ಭಾರತದ ನಕ್ಷೆಗಳ ಪಕ್ಕದಲ್ಲಿ ತನ್ನ ಊರಿರುವ ಈ ಹಾಳೆಯನ್ನೂ ಮುದ್ರಿಸಿ ಇಡುವುದಕ್ಕೆ ಯಾವ ಹೊಸ ಯೋಜನೆಯೂ ಬೇಕಿಲ್ಲ. ಪ್ರತಿಯೊಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು ಮುಂದಿನ ಶೈಕ್ಷಣಿಕ ವರ್ಷಾರಂಭಕ್ಕೆ ಮೊದಲು ಈ ಕೆಲಸವನ್ನು ಮಾಡಿ ಮುಗಿಸಬೇಕು.