ಕತ್ತರಿ, ಚೀಟಿ, ಪ್ರಬಂಧ

ವಿದ್ಯಾರ್ಥಿಯು ಹಲವು ಗ್ರಂಥಗಳನ್ನು ಓದಿ, ಆಯ್ದ ಸಾಮಗ್ರಿಯನ್ನು ತನ್ನದೇ ಕ್ರಮದಲ್ಲಿ ಜೋಡಿಸಿ, ಆಧಾರಗಳನ್ನು ಅಡಿಟಿಪ್ಪಣಿಗಳಲ್ಲಿ ಸೂಚಿಸಿ ಬರೆಯುವ ಪ್ರಬಂಧವು ಯುರೋಪಿನಲ್ಲಿಯೂ ಬಹಳ ಹಳೆಯದಲ್ಲ. ಆದರೆ ಅದನ್ನು ಬರೆಯಲು ನೆರವಾದ ಉಪಾಯ, ಅಂದರೆ ಓದಿದ್ದನ್ನು ಬಿಡಿ ಚೀಟಿಗಳಿಗೆ ಇಳಿಸಿಕೊಂಡು ಬೇಕಾದಂತೆ ಸರಿಸಿ ಜೋಡಿಸುವ ಪದ್ಧತಿ, ಹದಿನಾರನೆಯ ಶತಮಾನದಲ್ಲಿಯೇ ರೂಪುಗೊಂಡಿತ್ತು. ಈ ಎರಡೂ ಬೇರೆ ಬೇರೆ ಅಗತ್ಯಗಳಿಂದ ಹುಟ್ಟಿ, ಬಹುಕಾಲ ಪರಸ್ಪರ ಸಂಬಂಧವಿಲ್ಲದೆ ಬೆಳೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಒಂದುಗೂಡಿದವು.

ಚೀಟಿಯ ಕ್ರಮವನ್ನು ಮೊದಲು ವಿವರವಾಗಿ ಅಚ್ಚಿನಲ್ಲಿ ತಿಳಿಸಿದವರಲ್ಲಿ ಜ್ಯೂರಿಕ್ ನಗರದ ವೈದ್ಯ ಕೊನ್ರಾಡ್ ಗೆಸ್ನರ್ ಪ್ರಮುಖನು. ಲ್ಯಾಟಿನ್, ಗ್ರೀಕ್, ಹೀಬ್ರೂ ಗ್ರಂಥಗಳ ಬೃಹತ್ ಸೂಚಿಯನ್ನು 1545ರಲ್ಲಿ ಪ್ರಕಟಿಸಿದ ಆತನು, 1548ರಲ್ಲಿ ಹೊರಬಂದ ಅದರ ವಿಷಯವಾರು ಭಾಗದಲ್ಲಿ ಪದಸೂಚಿಯನ್ನು ಸಿದ್ಧಪಡಿಸುವ ಬಗೆಯನ್ನು ವಿವರಿಸಿದನು. ಹಾಳೆಯ ಒಂದೇ ಮಗ್ಗುಲಿಗೆ ಬರೆಯಬೇಕು, ಒಂದೊಂದು ವಿಷಯವನ್ನೂ ಕತ್ತರಿಯಿಂದ ಬೇರ್ಪಡಿಸಬೇಕು, ಚೀಟಿಗಳನ್ನು ಮೊದಲು ಸ್ಥೂಲವಾಗಿ, ಅನಂತರ ಸೂಕ್ಷ್ಮವಾಗಿ ವಿಂಗಡಿಸಬೇಕು, ಕ್ರಮ ನಿಶ್ಚಿತವಾದ ಮೇಲೆ ಅಂಟಿಸಬೇಕು ಎಂಬುದು ಆ ವಿಧಾನ. ಮುಂದೆ ಸ್ಥಾನ ಬದಲಿಸಬೇಕಾದೀತೆಂದು ನೀರಿನಲ್ಲಿ ಸುಲಭವಾಗಿ ಬಿಡುವ ಹಿಟ್ಟಿನ ಅಂಟನ್ನೇ ಬಳಸಬೇಕೆಂದೂ ಆತನು ಹೇಳಿದ್ದಾನೆ. ನಕಲು ಮಾಡುವ ಶ್ರಮವನ್ನು ಉಳಿಸಲು ಅಚ್ಚಾದ ಪುಸ್ತಕವನ್ನೇ ಕತ್ತರಿಸಬಹುದೆಂಬ, ಪುಸ್ತಕಪ್ರಿಯರಿಗೆ ಸಹಿಸಲಾಗದ ಸಲಹೆಯೂ ಅವನಿಂದಲೇ ಬಂದಿತು. ಹಾಳೆಯ ಎರಡು ಮಗ್ಗುಲೂ ಬೇಕಾಗುವುದರಿಂದ ಅದಕ್ಕೆ ಪುಸ್ತಕದ ಎರಡು ಪ್ರತಿಗಳು ಅಗತ್ಯವಾಗಿದ್ದವು.

ಶಾಲೆಗಳಲ್ಲಿ ಮಾತ್ರ ಆ ಕಾಲಕ್ಕೆ ಕಟ್ಟಿದ ಟಿಪ್ಪಣಿ ಪುಸ್ತಕವೇ ರೂಢಿಯಲ್ಲಿತ್ತು. ಜೆಸ್ವಿಟ್ ಅಧ್ಯಾಪಕನಾದ ಯೆರೆಮಿಯಾಸ್ ಡ್ರೆಕ್ಸೆಲ್ 1638ರಲ್ಲಿ ವಿದ್ಯಾರ್ಥಿಗಳಿಗಾಗಿ ಪ್ರಕಟಿಸಿದ ಕೈಪಿಡಿಯು ಟಿಪ್ಪಣಿಯಿಲ್ಲದ ಓದನ್ನು ವ್ಯರ್ಥವೆಂದು ಸಾರಿ, ಬೇರೆ ಬೇರೆ ಬಗೆಯ ಉದ್ಧರಣೆಗಳಿಗೆ ಬೇರೆ ಬೇರೆ ಪುಸ್ತಕಗಳನ್ನು ಇಡಲು ಬೋಧಿಸಿತು. ಈ ಕ್ರಮದ ತೊಡಕು ಏನೆಂದರೆ, ಶೀರ್ಷಿಕೆಗಳನ್ನು ಮೊದಲೇ ಬರೆದು ಪುಟಗಳನ್ನು ಮೀಸಲಿಟ್ಟರೆ ಕೆಲವು ಪುಟಗಳು ಬೇಗ ತುಂಬಿಹೋಗಿ ಮತ್ತೆ ಕೆಲವು ಖಾಲಿ ಉಳಿಯುತ್ತಿದ್ದವು. ಇಂಗ್ಲೆಂಡಿನ ಥಾಮಸ್ ಹ್ಯಾರಿಸನ್ 1640ರ ದಶಕದಲ್ಲಿ ಯೋಜಿಸಿ, ಹ್ಯಾಂಬರ್ಗಿನ ವಿನ್ಸೆಂಟ್ ಪ್ಲಾಕ್ಸಿಯಸ್ 1689ರಲ್ಲಿ ಚಿತ್ರಸಹಿತ ಪ್ರಕಟಿಸಿದ ಟಿಪ್ಪಣಿ ಕಪಾಟು ಇದಕ್ಕೆ ಪರಿಹಾರವಾಗಿತ್ತು: ಅದರೊಳಗೆ ಅಕಾರಾದಿಯಾಗಿ ಸುಮಾರು 3,000 ಶೀರ್ಷಿಕೆಗಳ ಪಟ್ಟಿಗಳೂ ಅವುಗಳಿಗೆ ಕೊಕ್ಕೆಗಳೂ ಇದ್ದು, ಚೀಟಿಯನ್ನು ಸಂಬಂಧಿಸಿದ ಕೊಕ್ಕೆಗೆ ಸಿಕ್ಕಿಸಿದರೆ ಸಾಕಾಗುತ್ತಿತ್ತು. ಸಾಮಗ್ರಿಯ ಕ್ರಮವನ್ನು ಬರವಣಿಗೆಯ ದಿನದವರೆಗೂ ಮುಂದೂಡುವ ಸ್ವಾತಂತ್ರ್ಯವೇ ಚೀಟಿಯ ನಿಜವಾದ ಲಾಭವಾಗಿದ್ದು, ಉಳಿತಾಯವಾಗುವ ಸಮಯ ಅದರ ಫಲವಷ್ಟೇ.

ಇಷ್ಟಾದರೂ ವಿದ್ಯಾರ್ಥಿಯು ಪ್ರಬಂಧವನ್ನು ಬರೆಯಬೇಕಾದ ಸಂದರ್ಭವೇ ಆಗ ವಿರಳವಾಗಿತ್ತು. ವಿಶ್ವವಿದ್ಯಾಲಯದ ಪದವಿಯು, ನಮ್ಮ ಮಠಗಳ ವಾಕ್ಯಾರ್ಥ ಗೋಷ್ಠಿಯನ್ನು ಹೋಲುವ ಬಹಿರಂಗ ವಾದದಿಂದ ದೊರೆಯುತ್ತಿತ್ತು. ಮಂಡನೆಯ ಪಾಠವನ್ನು ಅನೇಕ ವೇಳೆ ಅಧ್ಯಕ್ಷಸ್ಥಾನದಲ್ಲಿದ್ದ ಪ್ರಾಧ್ಯಾಪಕನೇ ಬರೆದು, ಶಿಷ್ಯನು ಅದನ್ನು ಬಾಯಿಮಾತಿನಲ್ಲಿ ಸಮರ್ಥಿಸುತ್ತಿದ್ದನು. ಈ ಸ್ಥಿತಿಯನ್ನು ಬದಲಿಸಿದುದು ಜರ್ಮನಿಯ ಸೆಮಿನಾರ್, ಅಂದರೆ ಆಯ್ದ ಕೆಲವೇ ವಿದ್ಯಾರ್ಥಿಗಳು ಪ್ರಾಧ್ಯಾಪಕನ ಕಣ್ಣಮುಂದೆ ಆಕರಗಳನ್ನು ಪರಿಶೀಲಿಸುವ ಕೂಟ. ಗಟ್ಟಿಂಗೆನ್ನಿನಲ್ಲಿ 1738ರಲ್ಲಿ ಶಾಲಾ ಶಿಕ್ಷಕರನ್ನು ತಯಾರಿಸಲೆಂದು ಆರಂಭವಾದ ಈ ವ್ಯವಸ್ಥೆ 1812ರಲ್ಲಿ ಬರ್ಲಿನ್ ವಿಶ್ವವಿದ್ಯಾಲಯವನ್ನು ತಲುಪುವ ಹೊತ್ತಿಗೆ ಸಂಶೋಧಕರನ್ನು ರೂಪಿಸುವ ಸಂಸ್ಥೆಯಾಗಿ, ವಿದ್ಯಾರ್ಥಿಯ ಲಿಖಿತ ಪ್ರಬಂಧವೇ ಚರ್ಚೆಗೆ ಆಧಾರವಾಯಿತು. ಇತಿಹಾಸಕಾರ ರಾಂಕೆ ತನ್ನ ಮನೆಯಲ್ಲಿಯೇ ಶಿಷ್ಯರನ್ನು ಕೂಡಿಸಿಕೊಂಡು ಮಧ್ಯಯುಗದ ದಾಖಲೆಗಳ ವಿಮರ್ಶೆಯನ್ನು ಕಲಿಸಿದನು. 1876ರಲ್ಲಿ ಸ್ಥಾಪಿತವಾದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವು ಈ ಕ್ರಮವನ್ನು ಅಮೆರಿಕದಲ್ಲಿ ನೆಲೆಗೊಳಿಸಿತು.

ಚೀಟಿಗೂ ಸೆಮಿನಾರಿಗೂ ಶಾಸ್ತ್ರೀಯವಾಗಿ ಗಂಟು ಹಾಕಿದ ಗ್ರಂಥಗಳಲ್ಲಿ ಫ್ರಾನ್ಸಿನ ಲಾಂಗ್ಲುವಾ ಮತ್ತು ಸೆನ್ಯೊಬೊ 1898ರಲ್ಲಿ ಬರೆದ ಇತಿಹಾಸಾಧ್ಯಯನದ ಪೀಠಿಕೆ ಮುಖ್ಯವಾದುದು. ಬಿಡಿ ಚೀಟಿಗಳೇ ಉತ್ತಮವೆಂದು ಪ್ರತಿಪಾದಿಸಿದ ಅವರು ಅವುಗಳ ದೋಷವನ್ನೂ ಮರೆಮಾಚಲಿಲ್ಲ. ಚೀಟಿ ಕಳೆದುಹೋಗಬಲ್ಲದು, ಪ್ರತಿಯೊಂದರ ಮೇಲೂ ಆಕರವನ್ನು ಮತ್ತೆ ಮತ್ತೆ ಬರೆಯಬೇಕಾಗುತ್ತದೆ. ಈ ಬೇಸರದ ಕೆಲಸವನ್ನು ತಪ್ಪಿಸಿಕೊಂಡವನ ಪ್ರಬಂಧದಲ್ಲಿ ಅಡಿಟಿಪ್ಪಣಿಗಳು ಬರೆಯುವಾಗಲೇ ಕೈಕೊಡುತ್ತವೆ. ಅಡಿಟಿಪ್ಪಣಿಯ ಬಾಹ್ಯರೂಪಕ್ಕೆ ನಿಯಮ ಬಂದುದು ಇನ್ನೂ ತಡವಾಗಿ: ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಹಾಪ್ರಬಂಧಗಳ ಕಾರ್ಯದರ್ಶಿಯಾಗಿದ್ದ ಕೇಟ್ ಟುರಾಬಿಯನ್ ವಿದ್ಯಾರ್ಥಿಗಳಿಗಾಗಿ 1937ರಲ್ಲಿ ಸಿದ್ಧಪಡಿಸಿದ ಪುಸ್ತಿಕೆಯು ಮುಂದೆ ಅನೇಕ ಆವೃತ್ತಿಗಳನ್ನು ಕಂಡಿತು.

ಕನ್ನಡದಲ್ಲಿ ಇಂತಹ ಶ್ರಮದ ದೊಡ್ಡ ಫಲ ವಿದ್ಯಾರ್ಥಿಯ ಪ್ರಬಂಧಕ್ಕಿಂತ ಹೆಚ್ಚಾಗಿ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನಲ್ಲಿ ಕಾಣುತ್ತದೆ. ಪ್ರಾಚೀನ ಕಾವ್ಯಗಳಿಂದಲೂ ಶಾಸನಗಳಿಂದಲೂ ಪದಪ್ರಯೋಗಗಳನ್ನು ಚೀಟಿಗಳ ಮೇಲೆ ಸಂಗ್ರಹಿಸಿ ರಚಿಸಿದ ಅದರ ಎಂಟು ಸಂಪುಟಗಳು 1970ರಿಂದ 1995ರ ಅವಧಿಯಲ್ಲಿ ಹೊರಬಂದವು.

ಮತ್ತೆ ವಿದ್ಯಾರ್ಥಿಯ ಪ್ರಬಂಧಕ್ಕೆ ಬಂದರೆ, ಇಟಲಿಯಲ್ಲಿ ಸಾಮಾನ್ಯ ಪದವಿಗೂ ಪ್ರಬಂಧವೇ ಕಡ್ಡಾಯವಾಗಿದ್ದ ಕಾಲದಲ್ಲಿ, ಕೆಲಸ ಮಾಡಿಕೊಂಡು ಓದುವ, ದೊಡ್ಡ ಗ್ರಂಥಾಲಯಗಳಿಂದ ದೂರವಿರುವ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಉಂಬರ್ತೊ ಎಕೊ 1977ರಲ್ಲಿ ಪ್ರಬಂಧರಚನೆಯ ಕೈಪಿಡಿಯೊಂದನ್ನು ಬರೆದನು. ಅಂತಹ ವಿದ್ಯಾರ್ಥಿಗೂ ಆಕರಸೂಚಿ ಸಾಧ್ಯವೇ ಎಂದು ಪರೀಕ್ಷಿಸಲು, ಬರೋಕ್ ಯುಗದ ಇಟಾಲಿಯನ್ ಗ್ರಂಥಗಳಲ್ಲಿ ರೂಪಕದ ವಿಚಾರ ಎಂಬ ವಿಷಯವನ್ನು ಆಯ್ದುಕೊಂಡು ತನ್ನ ಹುಟ್ಟೂರಾದ ಅಲೆಸ್ಸಾಂದ್ರಿಯದ ಗ್ರಂಥಾಲಯದಲ್ಲಿ ಮೂರು ಮಧ್ಯಾಹ್ನ ಕುಳಿತ ಎಕೊ, ಒಟ್ಟು ಒಂಬತ್ತು ಗಂಟೆಗಳಲ್ಲಿ ಕೆಲಸ ಆರಂಭಿಸಲು ಸಾಕಾಗುವಷ್ಟು ಸೂಚಿಯನ್ನು ಸಂಗ್ರಹಿಸಿ, ಆ ಪ್ರಯೋಗದ ವಿವರವನ್ನೆಲ್ಲ ಪುಸ್ತಕದಲ್ಲಿಯೇ ಸೇರಿಸಿದನು.