ವೈಜಯಂತಿಯ ಶ್ರೇಷ್ಠಿಯೂ ವಲೂರಕದ ದಾರಿಯೂ

ನವಿಮುಂಬಯಿಯ ವಾಶಿಯಿಂದ ಪುಣೆಯ ಕಡೆಗೆ ಹೊರಟವರು ಬೋರಘಾಟವನ್ನೇರಿ ಲೋಣಾವಳವನ್ನು ದಾಟಿದ ಬಳಿಕ, ಹಳೆಯ ಹೆದ್ದಾರಿಯ ಎಡಬದಿಯ ಬೆಟ್ಟದ ನಡುಮಟ್ಟದಲ್ಲಿ, ಇಂದು ಕಾರ್ಲೆಯೆಂದೂ ಪ್ರಾಚೀನ ಶಾಸನಗಳಲ್ಲಿ ವಲೂರಕವೆಂದೂ ಹೆಸರಾಗಿರುವ ಬೌದ್ಧ ಗುಹಾಸಮೂಹವಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ, 124 ಅಡಿಗಳಷ್ಟು ಉದ್ದವೂ 45 ಅಡಿಗಳಷ್ಟು ಎತ್ತರವೂ ಉಳ್ಳ ಅಲ್ಲಿನ ಚೈತ್ಯಮಂದಿರದ ಮುಖಮಂಟಪದಲ್ಲಿ ಬ್ರಾಹ್ಮೀಲಿಪಿಯ ಒಂದು ಪ್ರಾಕೃತ ಶಾಸನವುಂಟು. ವೈಜಯಂತಿಯಿಂದ ಬಂದ ಭೂತಪಾಲನೆಂಬ ಶ್ರೇಷ್ಠಿಯು ಈ ಶಿಲಾಗೃಹವನ್ನು ಪೂರ್ಣಗೊಳಿಸಿದನೆಂದೂ, ಇದು ಜಂಬೂದ್ವೀಪದಲ್ಲಿಯೇ ಉತ್ತಮವಾದುದೆಂದೂ ಅದು ಸಾರುತ್ತದೆ. ವೈಜಯಂತಿಯೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವುದರಿಂದ, ಕನ್ನಡನಾಡಿನ ವರ್ತಕನೊಬ್ಬನ ಹೆಸರು ಸಹ್ಯಾದ್ರಿಯ ಈ ಮಹಾಚೈತ್ಯದ ಬಾಗಿಲಲ್ಲಿಯೇ ಅಚ್ಚಳಿಯದೆ ನಿಂತಿದೆಯೆಂದು ಹೇಳಬಹುದಾಗಿದೆ.

ಬನವಾಸಿಯ ವರ್ತಕನಿಗೆ ಇಲ್ಲಿ ಏನು ಕೆಲಸವಿದ್ದಿತು? ಈ ಪ್ರಶ್ನೆಗೆ ಉತ್ತರವು ದಾರಿಗಳಲ್ಲಿದೆ. ಶೂರ್ಪಾರಕವೆನಿಸಿಕೊಂಡಿದ್ದ ಸೋಪಾರಾ, ಉಲ್ಲಾಸ ನದಿಯ ತೀರದ ಕಲ್ಯಾಣ ಇವೆರಡೂ ಆ ಕಾಲದಲ್ಲಿ ಪಶ್ಚಿಮ ಸಮುದ್ರದ ಪ್ರಸಿದ್ಧ ರೇವುಪಟ್ಟಣಗಳಾಗಿದ್ದುವು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕಗ್ರಂಥವಾದ ಪೆರಿಪ್ಲಸ್ ಈ ಎರಡನ್ನೂ ಹೆಸರಿಸುತ್ತದೆ. ರೇವಿನಲ್ಲಿಳಿದ ಸರಕು ದಖನ್ನಿನ ಪೀಠಭೂಮಿಗೆ ಏರಬೇಕಾದರೆ ಘಾಟಗಳನ್ನು ಹತ್ತದೆ ಗತ್ಯಂತರವಿರಲಿಲ್ಲ. ಕಲ್ಯಾಣದಿಂದ ಮುರಬಾಡದ ಮೇಲೆ ಹೋದರೆ ನಾಣೇಘಾಟ, ಅದರ ನೆತ್ತಿಯಲ್ಲಿ ಸಾತವಾಹನರ ರಾಣಿ ನಾಗನಿಕೆಯ ಶಾಸನವೂ, ಸುಂಕದ ಹಣವನ್ನು ಹಾಕುತ್ತಿದ್ದರೆಂದು ಹೇಳಲಾಗುವ ಕಲ್ಲಿನ ಕೊಪ್ಪರಿಗೆಯೂ ಇವೆ, ಅದರಾಚೆಗೆ ಜುನ್ನರ. ದಕ್ಷಿಣಕ್ಕೆ ಬೋರಘಾಟ, ಅದರ ಬುಡದಲ್ಲಿ ಕೊಂಡಾಣೆಯ ಗುಹೆಗಳು, ಮೇಲೆ ಕಾರ್ಲೆ, ಭಾಜೆ, ಬೇಡಸೆ. ಅಲ್ಲಿಂದ ಮುಂದೆ ದಕ್ಷಿಣಾಭಿಮುಖವಾಗಿ ನಡೆದರೆ ಕರಾಡದ ಬಳಿಯ ಆಗಾಶಿವ ಗುಡ್ಡದ ಲೇಣಗಳು, ಸ್ತೂಪದ ಅವಶೇಷ ದೊರೆತ ಕೊಲ್ಹಾಪುರ, ತದನಂತರ ಕನ್ನಡನಾಡು. ಇಂದು ಹುಬ್ಬಳ್ಳಿಯಿಂದ ವಾಶಿಗೆ ಬರುವ ಬಸ್ಸು ಹೆಚ್ಚು ಕಡಿಮೆ ಇದೇ ದಿಕ್ಕನ್ನು ಹಿಡಿದು ಬರುತ್ತದೆ.

ಇದೇ ದಾರಿಗಳಲ್ಲಿ ನಡೆದ ಬೌದ್ಧ ಭಿಕ್ಷುಗಳು ವರ್ಷದ ಎಂಟು ತಿಂಗಳು ಸಂಚರಿಸುತ್ತಿದ್ದವರು. ಮಳೆಗಾಲದಲ್ಲಿ ಒಂದೆಡೆ ನೆಲೆಗೊಂಡು ವರ್ಷಾವಾಸವನ್ನು ಆಚರಿಸಬೇಕೆಂಬುದು ಸಂಘದ ನಿಯಮಾವಳಿಯಾದ ವಿನಯದ ವಿಧಿ. ಅಂತೆಯೇ ವರ್ತಕರ ಸಾರ್ಥವೂ ಘಾಟದ ತಲೆಯಲ್ಲಿ ವಿಶ್ರಮಿಸಲೇಬೇಕು. ನೀರೂ ನೆರಳೂ ಇರುವ ಬೆಟ್ಟದ ಇಳಿಜಾರನ್ನು ಇಬ್ಬರೂ ಬಯಸಿದರು. ಸಂಘವು ಅಲ್ಲಿ ನೆಲೆಸಿತು. ವರ್ತಕನು ಅಲ್ಲಿ ಕಂಬವನ್ನೋ ನೀರಿನ ತೊಟ್ಟಿಯನ್ನೋ ಕೊರೆಯಿಸಿ ಪುಣ್ಯವನ್ನು ಗಳಿಸಿದನು. ಹೀಗೆ ಸರಕಿನ ದಾರಿಯೇ ಸುಕೃತದ ದಾರಿಯೂ ಆಯಿತು.

ಈ ದಾರಿಯನ್ನು ಕಟ್ಟಿದವರು ಅರಸರು ಮಾತ್ರವೇ ಅಲ್ಲವೆಂಬುದನ್ನು ಶಾಸನಗಳೇ ಹೇಳುತ್ತವೆ. ಕಾರ್ಲೆಯಲ್ಲಿ ಕ್ಷತ್ರಪ ಅರಸ ನಹಪಾನನ ಅಳಿಯ ಋಷಭದತ್ತನು ಗ್ರಾಮದಾನ ಮಾಡಿದನೆಂಬುದು ನಿಜ. ಆದರೆ ಅಲ್ಲಿನ ಸಾಲುಕಂಬಗಳ ಮೇಲೆ ಕಾಣುವುವು ಬಹುಮಟ್ಟಿಗೆ ಧೇನುಕಾಕಟವೆಂಬ ಊರಿನ ವರ್ತಕರ, ಯವನರ, ಭಿಕ್ಷುಣಿಯರ ಹೆಸರುಗಳು. ಸಾಷ್ಟೀ ದ್ವೀಪದ ಕಾಡಿನ ನಡುವೆ, ನೂರಕ್ಕೂ ಮಿಕ್ಕ ಗುಹೆಗಳುಳ್ಳ ಕಾನ್ಹೇರಿಯಲ್ಲಿ ಕಲ್ಯಾಣದ ಅಕ್ಕಸಾಲಿಗನೂ ಕಲ್ಯಾಣದ ಕಮ್ಮಾರನೂ ದಾನಿಗಳಾಗಿದ್ದಾರೆ. ಮೂಲಧನ ಕರಗದಂತೆ ಬಡ್ಡಿಯಿಂದಲೋ ಹುಟ್ಟುವಳಿಯಿಂದಲೋ ಭಿಕ್ಷುಗಳಿಗೆ ಚೀವರವಸ್ತ್ರವನ್ನು ಒದಗಿಸುವ ಅಕ್ಷಯನೀವಿಯ ಏರ್ಪಾಡನ್ನು ಅಲ್ಲಿನ ಬೇರೆ ದಾನಿಗಳು ಕಲ್ಲಿನಲ್ಲಿ ಬರೆಯಿಸಿ ನಿಶ್ಚಿಂತರಾದರು.

ಕನ್ನಡನಾಡೂ ಕೊಂಕಣವೂ ಈ ಧರ್ಮಪಥದಲ್ಲಿ ಒಡಹುಟ್ಟುಗಳಂತೆ ಕೂಡಿಯೇ ಕಾಣಿಸಿಕೊಳ್ಳುತ್ತವೆ. ಅಶೋಕನ ಕಾಲದಲ್ಲಿ ಧರ್ಮಪ್ರಸಾರಕ್ಕೆಂದು ರಕ್ಖಿತ ಸ್ಥವಿರನನ್ನು ವನವಾಸಕ್ಕೂ, ಯವನನಾದ ಧಮ್ಮರಕ್ಖಿತನನ್ನು ಅಪರಾಂತಕ್ಕೂ ಕಳುಹಿಸಲಾಯಿತೆಂದು ಸಿಂಹಳದ ಮಹಾವಂಸವು ಒಂದೇ ಉಸಿರಿನಲ್ಲಿ ಹೇಳುತ್ತದೆ. ವನವಾಸವೆಂದರೆ ಬನವಾಸಿಯ ನಾಡು, ಅಪರಾಂತವೆಂದರೆ ಈ ಕೊಂಕಣ. ಅಶೋಕನ ಶಾಸನಖಂಡವೂ, 1882ರಲ್ಲಿ ಭಗವಾನಲಾಲ ಇಂದ್ರಜಿಯವರು ಅಗೆದು ತೆಗೆದ ಸ್ತೂಪದ ಧಾತುಪಾತ್ರೆಗಳೂ ಸೋಪಾರಾದಲ್ಲಿಯೇ ದೊರೆತುವು. ಸಾವಿರ ವರ್ಷಗಳು ಕಳೆದ ಮೇಲೆಯೂ ಈ ಸಂಬಂಧವು ಹರಿದುಹೋಗಲಿಲ್ಲ. ಕವಿರಾಜಮಾರ್ಗವು ಹುಟ್ಟಿದುದು ಯಾವ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೋ, ಅವನ ಸಾಮಂತರಾಗಿ ಉತ್ತರ ಕೊಂಕಣವನ್ನಾಳಿದ ಶಿಲಾಹಾರರ ಕಾಲದ ದತ್ತಿಶಾಸನಗಳು ಕಾನ್ಹೇರಿಯ ಕೃಷ್ಣಗಿರಿ ಮಹಾವಿಹಾರದಲ್ಲಿವೆ. ಅವುಗಳಲ್ಲೊಂದು ಶಕವರ್ಷ 799ರದು, ಎಂದರೆ ಕ್ರಿ.ಶ. 877ರ ಸುಮಾರಿನದು.

ಇಲ್ಲಿ ದೂರದ ಜಪಾನನ್ನು ನೆನೆಯುವುದು ಅಪ್ರಸ್ತುತವಾಗಲಾರದು. ಕಾನ್ಹೇರಿಯ 41ನೆಯ ಗುಹೆಯಲ್ಲಿ ಹನ್ನೊಂದು ಶಿರಗಳುಳ್ಳ ಅವಲೋಕಿತೇಶ್ವರನ ಮೂರ್ತಿಯೊಂದಿದೆ. ಭಾರತದ ಶಿಲ್ಪದಲ್ಲಿ ಇಂತಹುದು ಅತ್ಯಪೂರ್ವ. ಹಡಗೊಡೆತ, ಕಳ್ಳರು, ಆನೆ, ಸಿಂಹ, ಸರ್ಪ, ಅಗ್ನಿ ಮೊದಲಾದ ಭಯಗಳಿಂದ ದಾರಿಹೋಕರನ್ನು ಕಾಪಾಡುವ ಆ ಬೋಧಿಸತ್ತ್ವನನ್ನು ಸಮುದ್ರವ್ಯಾಪಾರಿಗಳು ವಿಶೇಷವಾಗಿ ಮರೆಹೊಕ್ಕರೆಂಬುದು ಸಹಜವೇ ಆಗಿದೆ. ಆತನೇ ಪೂರ್ವದೇಶಗಳಿಗೆ ಸಂಚರಿಸಿ ಜಪಾನಿನಲ್ಲಿ ಕನ್ನೋನ್ ಎನಿಸಿಕೊಂಡನು. ಆತನ ಮೂವತ್ತಮೂರು ರೂಪಗಳಿಗನುಗುಣವಾಗಿ 33 ದೇವಾಲಯಗಳ ಸೈಗೊಕು ಯಾತ್ರೆ ಏರ್ಪಟ್ಟಿತು. ಆ ಸರಣಿಯ ಎಂಟನೆಯದಾದ ಹಸೆದೆರಾ ದೇವಾಲಯದ ಪ್ರಧಾನ ವಿಗ್ರಹವು ಹನ್ನೊಂದು ಮುಖಗಳ ಕನ್ನೋನ್. ಶಿಕೊಕು ದ್ವೀಪದಲ್ಲಿ ಆಚಾರ್ಯ ಕೂಕಾಯಿಯ (774–835) ಸ್ಮರಣೆಯಿಂದ ಬೆಳೆದ, ಸುಮಾರು 1,200 ಕಿಲೋಮೀಟರಿನ, 88 ದೇವಾಲಯಗಳ ಪ್ರದಕ್ಷಿಣಪಥವಂತೂ ಇಂದಿಗೂ ಜೀವಂತವಾಗಿದೆ. ಅದನ್ನು ಬದುಕಿಸಿರುವುದು ದೇವಾಲಯಗಳ ವೈಭವವೊಂದೇ ಅಲ್ಲ. ಬಿಳಿಯುಡುಗೆಯ ಯಾತ್ರಿಕನಿಗೆ ಅನ್ನವನ್ನೋ ಹಣ್ಣನ್ನೋ ಕಾಸನ್ನೋ ಕೊಡುವುದು ತಮ್ಮ ಭಾಗ್ಯವೆಂದೆಣಿಸುವ ದಾರಿಬದಿಯ ಗೃಹಸ್ಥರೂ, 1687ರಷ್ಟು ಹಿಂದೆಯೇ ಯಾತ್ರಿಕರಿಗಾಗಿ ಮಾರ್ಗದರ್ಶಿಯನ್ನು ಅಚ್ಚುಹಾಕಿಸಿದ ಶಿನ್ನೆನ್‌ನಂತಹ ಸಂನ್ಯಾಸಿಗಳೂ ಅದನ್ನು ಉಳಿಸಿದರು.

ಕೊಂಕಣದಲ್ಲಿ ಈ ಬೆಂಬಲವು ಕ್ರಮೇಣ ಕ್ಷೀಣಿಸಿತು. ವರ್ತಕರ ಔದಾರ್ಯವು ಅನ್ಯತ್ರ ಹರಿಯಿತು, ಸೋಪಾರಾದ ಅಳಿವೆ ಹೂಳಿನಿಂದ ತುಂಬಿತು, ವಿಹಾರಗಳು ಬರಿದಾದುವು. ಆದರೆ ದಾರಿ ಸತ್ತಿತೇ? ಇಲ್ಲವೆಂದೇ ನನ್ನ ದೃಢವಾದ ನಂಬಿಕೆ. ಕಾರ್ಲೆಯ ಚೈತ್ಯದ ಎದುರಿಗೇ ಏಕವೀರಾದೇವಿಯ ಗುಡಿಯಿದೆ. ಆಕೆ ಕೊಂಕಣದ ಕೋಳಿ ಮತ್ತು ಆಗರಿ ಜನರ ಕುಲದೈವ. ಚೈತ್ರಮಾಸದ ಜಾತ್ರೆಗೆ ಠಾಣೆ, ನವಿಮುಂಬಯಿ, ರಾಯಗಡಗಳ ಮೀನುಗಾರರ ಮತ್ತು ಬೇಸಾಯಗಾರರ ಊರುಗಳಿಂದ ಪಲ್ಲಕ್ಕಿಗಳು ಹೊರಡುತ್ತವೆ. ಖಾರಿಯ ದಡದವರು ಕಾಲ್ನಡಿಗೆಯಲ್ಲಿ ಘಾಟವನ್ನೇರಿ, ಶಿಲಾಚೈತ್ಯದ ಅಂಗಳದಲ್ಲಿ ದೇವಿಯ ದರ್ಶನ ಪಡೆಯುತ್ತಾರೆ. ದೈವ ಬೇರೆ, ಭಾಷೆ ಬೇರೆ, ವಿಧಿಗಳು ಬೇರೆ. ಆದರೆ ಕಡಲಂಚಿನಿಂದ ಬೆಟ್ಟದ ನೆತ್ತಿಗೆ ಭಕ್ತಿಯಿಂದ ಏರುವ ಸಂಪ್ರದಾಯ ಅಲ್ಲಿ ಮತ್ತೆ ನೆಲೆಗೊಂಡಿದೆ. ಶಿಕೊಕುವಿನ ಗೃಹಸ್ಥನು ಮಾಡುವುದನ್ನೇ, ಪಲ್ಲಕ್ಕಿಯ ಜನಕ್ಕೆ ದಾರಿಯಲ್ಲಿ ನೀರು, ಪಾನಕ, ಊಟಗಳನ್ನು ಬಡಿಸುವ ಇಲ್ಲಿನ ಜನರೂ ಮಾಡುತ್ತಾರೆ. ನಡೆಯುವವನೂ ಅವನಿಗೆ ನೀಡುವವನೂ ಇರುವವರೆಗೆ ಯಾತ್ರಾಪಥಕ್ಕೆ ಅಳಿವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಉದ್ಯೋಗವನ್ನರಸಿ ಘಟ್ಟವಿಳಿದು ಬಂದು ವಾಶಿಯಲ್ಲಿಯೂ ಡೊಂಬಿವಲಿಯಲ್ಲಿಯೂ ಮನೆಮಾಡಿದ ಕನ್ನಡಿಗರು ತಮ್ಮನ್ನು ಈ ನೆಲಕ್ಕೆ ತೀರ ಹೊಸಬರೆಂದು ಭಾವಿಸುವುದುಂಟು. ಭೂತಪಾಲನ ಶಾಸನವು ಆ ಭಾವನೆಯನ್ನು ತಿದ್ದುತ್ತದೆ. ಅವನು ಲಾಭವನ್ನರಸಿ ಬಂದವನೇ ಇರಬಹುದು. ಆದರೂ ತಾನು ದುಡಿದ ದಾರಿಗೆ ಅದರ ಅತ್ಯುತ್ತಮ ಮಂದಿರವನ್ನು ಕೊಟ್ಟು, ತನ್ನ ಊರಿನ ಹೆಸರನ್ನು ತನ್ನ ಹೆಸರಿಗಿಂತ ಮೊದಲು ಬರೆಯಿಸಿದನು. ರಜೆಗೆ ಊರಿಗೆ ಹೋಗುವ ಕನ್ನಡ ಕುಟುಂಬಗಳು ಒಮ್ಮೆ ಅರ್ಧ ದಿನ ಕಾರ್ಲೆಯಲ್ಲಿ ಇಳಿದು, ಮೆಟ್ಟಿಲುಗಳನ್ನೇರಿ, ಆ ಅಕ್ಷರಗಳನ್ನು ಮಕ್ಕಳಿಗೆ ತೋರಿಸಬೇಕು. ಬಂದು ನೆಲೆಸಿದ ನಾಡಿಗೆ ಕನ್ನಡಿಗನು ಏನನ್ನು ಕೊಟ್ಟಿದ್ದನೆಂಬುದನ್ನು ಅವರು ತಿಳಿದರೆ, ತಾವು ಏನನ್ನು ಕೊಡಬೇಕೆಂಬುದನ್ನು ತಾವೇ ಆಲೋಚಿಸಿಕೊಳ್ಳುವರು.