ಗುರುತಿನ ಚೀಟಿ ಮತ್ತು ರೇಡಿಯೋ ಬಿಲ್ಲೆ: ಪುಣೆಯ ಕಸವಿಂಗಡಣೆಯ ಚರಿತ್ರೆಯ ಒಂದು ಅಧ್ಯಾಯ

ನಗರಗಳ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಕೋಟೆಕೊತ್ತಲ, ಪೇಟೆ, ದೇವಾಲಯ, ವಿದ್ಯಾಲಯಗಳನ್ನು ಕುರಿತೇ ಬರೆಯುತ್ತಾರೆ. ನಗರವು ಬಿಸಾಡಿದ ಪದಾರ್ಥ ಎಲ್ಲಿಗೆ ಹೋಯಿತು, ಅದನ್ನು ಆಯ್ದವರಾರು, ಆಯ್ದವರಿಗೆ ದಕ್ಕಿದುದೇನು ಎಂಬ ಪ್ರಶ್ನೆಗಳು ಚರಿತ್ರೆಯ ಪುಟಗಳಲ್ಲಿ ವಿರಳವಾಗಿವೆ. ಪುಣೆಯ ಮಟ್ಟಿಗೆ ಈ ಉಪೇಕ್ಷೆ ಸಲ್ಲದು. ಕಸವನ್ನು ಬೇರ್ಪಡಿಸಿ ಮರುಬಳಕೆಗೆ ಒದಗಿಸುವ ಕಾರ್ಯದಲ್ಲಿ ಈ ನಗರಕ್ಕೆ ದೇಶದಲ್ಲಿಯೇ ವಿಶಿಷ್ಟವಾದ ಸ್ಥಾನವಿದೆ. ಕಸದ ಬುಟ್ಟಿಗೂ ಮನೆಯ ಬಾಗಿಲಿಗೂ ರೇಡಿಯೋ ಬಿಲ್ಲೆಯನ್ನು ಅಂಟಿಸುವ ಯೋಜನೆಗಳು ಬಂದಿರುವ ಈ ಕಾಲದಲ್ಲಿ ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಅವಶ್ಯಕ.

ನೈರ್ಮಲ್ಯದ ವಿಷಯದಲ್ಲಿ ಪುಣೆ ಕಲಿತ ಮೊದಲ ಪಾಠವೇ ಕಹಿಯಾದುದು. 1897ರ ಪ್ಲೇಗಿನ ಕಾಲದಲ್ಲಿ ಅಧಿಕಾರಿ ರ್ಯಾಂಡನು ಸೈನಿಕರಿಂದ ಮನೆಮನೆಯ ಶೋಧ ನಡೆಸಿದನು. ಉದ್ದೇಶ ಆರೋಗ್ಯರಕ್ಷಣೆಯೇ ಆಗಿದ್ದಿರಬಹುದು; ರೀತಿ ಮಾತ್ರ ಜನರ ಮಾನಕ್ಕೆ ಘಾಸಿಯನ್ನುಂಟುಮಾಡಿತು. ಅದೇ ವರ್ಷದ ಜೂನ್ 22ರ ರಾತ್ರಿ ಚಾಪೇಕರ ಸಹೋದರರ ಗುಂಡಿಗೆ ಆತನು ಗುರಿಯಾದನು. ಶುಚಿತ್ವದ ಹೆಸರಿನಲ್ಲಿ ನಡೆಯುವ ಕಾರ್ಯವಾದರೂ ಜನರ ವಿಶ್ವಾಸವನ್ನು ಗಳಿಸದೆ ನಡೆದರೆ ಏನಾಗುವುದೆಂಬುದಕ್ಕೆ ಇದು ನಿದರ್ಶನ.

ಸ್ವಾತಂತ್ರ್ಯಾನಂತರ, 1950ರಲ್ಲಿ, ಪುಣೆಗೆ ಮಹಾನಗರಪಾಲಿಕೆ ಬಂದಿತು. ನಗರ ಬೆಳೆಯಿತು, ಕಸವೂ ಬೆಳೆಯಿತು. 1972ರ ಭೀಕರ ಕ್ಷಾಮದಲ್ಲಿ ಮರಾಠವಾಡೆಯ ಹಳ್ಳಿಗಳಿಂದ ಅಸಂಖ್ಯ ಕುಟುಂಬಗಳು ನಗರಗಳಿಗೆ ಗುಳೆ ಹೊರಟವು. ಕಲಬುರಗಿ, ವಿಜಯಪುರಗಳ ಕಡೆಯಿಂದ ಕಟ್ಟಡದ ಕೂಲಿಗಾಗಿ ಪುಣೆಗೆ ಬಂದವರನ್ನು ಬಲ್ಲ ಕನ್ನಡಿಗರಿಗೆ ಆ ದಾರಿಯನ್ನು ವಿವರಿಸಬೇಕಾಗಿಲ್ಲ. ಹಾಗೆ ಬಂದವರಲ್ಲಿ ಅನೇಕ ದಲಿತ ಸ್ತ್ರೀಯರು ಬೀದಿಯ ತೊಟ್ಟಿಗಳಿಂದ ಕಾಗದ, ಗಾಜು, ಪ್ಲಾಸ್ಟಿಕ್, ಲೋಹಗಳನ್ನು ಆಯ್ದು ಗುಜರಿಯವರಿಗೆ ಮಾರಿ ಹೊಟ್ಟೆ ಹೊರೆದರು. ಅವರು ಆಯ್ದುದೆಲ್ಲ ಕಾರ್ಖಾನೆಗಳಿಗೆ ಕಚ್ಚಾ ಪದಾರ್ಥವಾಗಿ ಮರಳಿತು. ಆದರೆ ನಗರದ ದೃಷ್ಟಿಯಲ್ಲಿ ಅವರು ಕೆಲಸಗಾರರಾಗಿರಲಿಲ್ಲ. ಸಂಶಯಕ್ಕೆ ಪಾತ್ರರಾದ ಅಲೆಮಾರಿಗಳಾಗಿದ್ದರು.

ಈ ಸ್ಥಿತಿಯನ್ನು ಬದಲಿಸಿದುದು ಒಂದು ಸಾಮಾನ್ಯ ವಸ್ತು: ಗುರುತಿನ ಚೀಟಿ. 1990ರ ಸುಮಾರಿಗೆ ಎಸ್.ಎನ್.ಡಿ.ಟಿ. ಮಹಿಳಾ ವಿಶ್ವವಿದ್ಯಾಲಯದ ವಯಸ್ಕ ಶಿಕ್ಷಣದ ಕಾರ್ಯಕರ್ತರು ಕೆಲವು ಮಂದಿ ಆಯುವ ಸ್ತ್ರೀಯರಿಗೆ ಚೀಟಿಗಳನ್ನಿತ್ತು, ತೊಟ್ಟಿಯಿಂದಲ್ಲದೆ ಮನೆಬಾಗಿಲಿನಿಂದಲೇ ಬೇರ್ಪಡಿಸಿದ ಕಸವನ್ನು ಪಡೆಯುವ ಏರ್ಪಾಡು ಮಾಡಿದರು. ಅಲ್ಪಕಾಲದಲ್ಲಿಯೇ ಒಬ್ಬ ಉದ್ಯಮಿ ಅದೇ ಕೆಲಸಕ್ಕೆ ವಾಹನದೊಡನೆ ಬಂದನು. ಬೆಲೆಬಾಳುವ ಕಸ ವಾಹನಕ್ಕೆ ಏರಿದರೆ ತಮ್ಮ ಅನ್ನ ಹೋದಂತೆಯೇ ಎಂದರಿತ ಸ್ತ್ರೀಯರು ಪ್ರತಿಭಟಿಸಿದರು. ಯಂತ್ರ ಮತ್ತು ಕೈ ಇವುಗಳ ಸ್ಪರ್ಧೆ ಪುಣೆಯಲ್ಲಿ ಅಂದೇ ಆರಂಭವಾಯಿತೆನ್ನಬೇಕು. 1993ರಲ್ಲಿ ಬಾಬಾ ಆಢಾವ ಅವರ ಮಾರ್ಗದರ್ಶನದಲ್ಲಿ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಸ್ಥಾಪಿತವಾಯಿತು. ಕಾಗದ, ಗಾಜು, ತಗಡು—ಸಂಘದ ಹೆಸರೇ ವಿಂಗಡಣೆಯ ಪಟ್ಟಿಯಾಗಿದೆ. 1990ರ ದಶಕದ ಮಧ್ಯಭಾಗದಲ್ಲಿ ಪುಣೆ ಮತ್ತು ಪಿಂಪ್ರಿ-ಚಿಂಚವಡ ಪಾಲಿಕೆಗಳು ಈ ಸಂಘದ ಸದಸ್ಯರ ಭಾವಚಿತ್ರಸಹಿತ ಚೀಟಿಗಳಿಗೆ ತಮ್ಮ ಮಾನ್ಯತೆಯನ್ನಿತ್ತವು.

ಚೀಟಿಯ ಹಿಂದೆ ಲೆಕ್ಕ ಬಂದಿತು. 2001ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ ಪೂರ್ಣಿಮಾ ಚಿಕರಮಾನೆ, ಮೇಧಾ ದೇಶಪಾಂಡೆ, ಲಕ್ಷ್ಮೀ ನಾರಾಯಣ ಇವರು ನಡೆಸಿದ ಅಧ್ಯಯನವು ಒಂದು ಮುಖ್ಯ ಸಂಗತಿಯನ್ನು ತೋರಿಸಿಕೊಟ್ಟಿತು. ಆಯುವ ಪ್ರತಿಯೊಬ್ಬರೂ ತಿಂಗಳಿಗೆ ಸುಮಾರು 246 ರೂಪಾಯಿ ಬೆಲೆಯ ಶ್ರಮವನ್ನು ವೇತನವಿಲ್ಲದೆ ನಗರಾಡಳಿತಕ್ಕೆ ಸಲ್ಲಿಸುತ್ತಿದ್ದರು. ಅವರು ಆಯ್ದಷ್ಟು ಕಸವನ್ನು ಸಾಗಿಸುವ ವೆಚ್ಚ ಪಾಲಿಕೆಗೆ ಉಳಿಯುತ್ತಿತ್ತು. ಅದುವರೆಗೆ ಯಾರ ಖಾತೆಯಲ್ಲಿಯೂ ಜಮೆಯಾಗದಿದ್ದ ಮೊತ್ತ ಹೀಗೆ ಮೊದಲ ಬಾರಿಗೆ ಬರಹಕ್ಕೆ ಬಂದಿತು. ತರುವಾಯ ಪುಣೆಯ ಪಾಲಿಕೆಯು ಇವರ ಆರೋಗ್ಯವಿಮೆಯ ಕಂತನ್ನು ತಾನೇ ತುಂಬಲು ಒಪ್ಪಿತು. 2007ರಲ್ಲಿ ‘ಸ್ವಚ್ಛ್’ ಎಂಬ ಸಹಕಾರ ಸಂಸ್ಥೆ ನೋಂದಣಿಯಾಗಿ, 2008ರಲ್ಲಿ ಪಾಲಿಕೆಯೊಡನೆ ಕರಾರು ಮಾಡಿಕೊಂಡಿತು. ಮನೆಬಾಗಿಲಿನಿಂದ ಕಸ ಸಂಗ್ರಹಿಸುವ ಹೊಣೆ, ಮನೆಯವರಿಂದ ಸೇವಾಶುಲ್ಕ ಪಡೆಯುವ ಅಧಿಕಾರ, ಒಣಕಸವನ್ನು ಮಾರುವ ಹಕ್ಕು—ಈ ಮೂರೂ ಆಯುವವರಿಗೆ ದೊರೆತವು. ಇತ್ತ ಊರಾಚೆಯ ಉರುಳಿ ದೇವಾಚಿ, ಫುರಸುಂಗಿ ಗ್ರಾಮಸ್ಥರು ತಮ್ಮ ನೆಲದಲ್ಲಿ ನಗರದ ತಿಪ್ಪೆ ಬೆಳೆಯುವುದನ್ನು ವರ್ಷಗಟ್ಟಲೆ ಪ್ರತಿಭಟಿಸಿದರು. ಆದುದರಿಂದ ಮೂಲದಲ್ಲಿಯೇ ವಿಂಗಡಣೆಯಾಗುವುದು ನಗರಕ್ಕೂ ಅನಿವಾರ್ಯವಾಯಿತು.

ಇನ್ನು ರೇಡಿಯೋ ಬಿಲ್ಲೆಯ ವೃತ್ತಾಂತ. ಎರಡನೆಯ ಮಹಾಯುದ್ಧದಲ್ಲಿ ಸ್ವಪಕ್ಷದ ವಿಮಾನವನ್ನು ಶತ್ರುವಿಮಾನದಿಂದ ಪ್ರತ್ಯೇಕಿಸಿ ಗುರುತಿಸುವ ರೇಡಿಯೋ ಸಾಧನಗಳು ಬಳಕೆಗೆ ಬಂದುವು. 1948ರಲ್ಲಿ ಹ್ಯಾರಿ ಸ್ಟಾಕ್‌ಮನ್ ಎಂಬ ವಿಜ್ಞಾನಿಯು ಪ್ರತಿಫಲಿತ ಶಕ್ತಿಯಿಂದಲೇ ಸಂದೇಶವನ್ನು ಕಳುಹಿಸಬಹುದೆಂದು ಪ್ರತಿಪಾದಿಸಿದನು. 1973ರಲ್ಲಿ ಮಾರಿಯೋ ಕಾರ್ಡುಲ್ಲೊ ಎಂಬಾತನಿಗೆ ಸ್ಮೃತಿಯುಳ್ಳ ಬಿಲ್ಲೆಗಾಗಿ ಅಮೆರಿಕೆಯಲ್ಲಿ ಪೇಟೆಂಟ್ ದೊರೆಯಿತು. ಇದರ ತತ್ತ್ವ ಸರಳವಾದುದು. ಬಿಲ್ಲೆಯಲ್ಲಿ ಒಂದು ಸೂಕ್ಷ್ಮ ಚಿಪ್ಪು, ಅದಕ್ಕೆ ಸುತ್ತಿದ ಲೋಹದ ಆಂಟೆನಾ, ಬ್ಯಾಟರಿ ಇಲ್ಲ. ಓದುವ ಯಂತ್ರವು ಬೀರುವ ತರಂಗದಿಂದಲೇ ಶಕ್ತಿಯನ್ನು ಪಡೆದು, ಆ ತರಂಗದ ಮೂಲಕವೇ ಬಿಲ್ಲೆ ತನ್ನ ಅಂಕಿಯನ್ನು ಮರಳಿಸುತ್ತದೆ. ಪುಣೆ-ಬೆಂಗಳೂರು ಹೆದ್ದಾರಿಯ ಸುಂಕದಕಟ್ಟೆಗಳಲ್ಲಿ ವಾಹನದ ಗಾಜಿನ ಮೇಲಿನ ಫಾಸ್ಟ್ಯಾಗ್ ಮಾಡುವುದು ಇದನ್ನೇ. 2021ರ ಫೆಬ್ರವರಿಯಿಂದ ಅದು ಕಡ್ಡಾಯವಾಯಿತು.

ಕಸದ ವಿಷಯದಲ್ಲಿ ಈ ಬಿಲ್ಲೆಗೆ ಎರಡು ಉಪಯೋಗಗಳನ್ನು ಹೇಳುತ್ತಾರೆ. ಮೊದಲನೆಯದು ಬುಟ್ಟಿಗೆ ಅಥವಾ ಬಾಗಿಲಿಗೆ ಬಿಲ್ಲೆ. ಜರ್ಮನಿ ಮೊದಲಾದ ದೇಶಗಳಲ್ಲಿ ಲಾರಿಯು ಬುಟ್ಟಿಯನ್ನೆತ್ತುವಾಗ ಅದರ ಅಂಕಿಯನ್ನು ಓದಿ, ಎಸೆದಷ್ಟಕ್ಕೆ ಶುಲ್ಕ ವಿಧಿಸುವ ಪದ್ಧತಿಯುಂಟು. ನಮ್ಮ ಕೆಲವು ನಗರಗಳಲ್ಲಿ ಸಂಗ್ರಾಹಕನು ಮನೆಗೆ ಬಂದನೆ, ಇಲ್ಲವೆ ಎಂಬುದನ್ನು ಪರೀಕ್ಷಿಸಲು ಬಿಲ್ಲೆಯನ್ನು ಬಳಸಲಾಗಿದೆ. ಎರಡನೆಯದು ಪದಾರ್ಥಕ್ಕೇ ಬಿಲ್ಲೆ. ಡಬ್ಬಿಯೋ ಶೀಶೆಯೋ ತಾನು ಯಾವ ದ್ರವ್ಯದಿಂದಾದುದೆಂದು ವಿಂಗಡಿಸುವ ಯಂತ್ರಕ್ಕೆ ತಿಳಿಸಿದರೆ ಬೇರ್ಪಡಿಸುವುದು ಸುಲಭವೆಂಬುದು ಇದರ ಆಶಯ. ಆದರೆ ಲೋಹವೂ ನೀರೂ ರೇಡಿಯೋ ತರಂಗಕ್ಕೆ ಅಡ್ಡಿ. ನಮ್ಮ ಕಸದಲ್ಲಿ ಒದ್ದೆಯೇ ಅಧಿಕ. ಮೇಲಾಗಿ ಬಿಲ್ಲೆಯಲ್ಲಿರುವ ತಾಮ್ರವೋ ಅಲ್ಯೂಮಿನಿಯಮೋ ಕಾಗದ, ಗಾಜುಗಳ ಮರುಬಳಕೆಯಲ್ಲಿ ತಾನೇ ಒಂದು ಕಲ್ಮಷವಾಗುವ ಸಂಭವವಿದೆ. ಅಗ್ಗದ ಪೊಟ್ಟಣಕ್ಕೆ ಅದರ ವೆಚ್ಚವೂ ಹೊರೆಯೇ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬುಟ್ಟಿ ಬಂದಿತೆಂದು ಬಿಲ್ಲೆ ಹೇಳಬಲ್ಲುದು. ಬುಟ್ಟಿಯೊಳಗೆ ಹಸಿಯೂ ಒಣವೂ ಬೆರೆತಿದೆಯೆ ಎಂಬುದನ್ನು ಅದು ಹೇಳಲಾರದು. ಅದನ್ನು ಬಲ್ಲುದು ಕೈ ಮತ್ತು ಕಣ್ಣು. ಒಂದು ಬಗೆಯ ಪ್ಲಾಸ್ಟಿಕ್ಕನ್ನು ಇನ್ನೊಂದರಿಂದ ಮುಟ್ಟಿ, ಮಡಿಸಿ, ಸದ್ದಿನಿಂದಲೇ ಬೇರ್ಪಡಿಸುವ ಅನುಭವ ಆಯುವವರಲ್ಲಿದೆ. ಬೆರೆತ ಕಸವನ್ನು ಕಂಡು ಮನೆಯೊಡತಿಗೆ ಅಲ್ಲಿಯೇ ತಿಳಿಹೇಳುವವರೂ ಅವರೇ. ಈ ಜ್ಞಾನವನ್ನು ಬದಿಗಿಟ್ಟು ಅಂಕಿಗಳನ್ನು ಮಾತ್ರ ಕೂಡಿಸುತ್ತ ಹೋದರೆ ಅದು ತಿಪ್ಪೆ ಸಾರಿಸಿದಂತಾದೀತು.

ಬೆಂಗಳೂರಿನ ಚರಿತ್ರೆಯೂ ಇದನ್ನೇ ಸಾರುತ್ತದೆ. ಅಲ್ಲಿ 2011ರಲ್ಲಿ ಪಾಲಿಕೆಯು ಆಯುವವರಿಗೆ ಗುರುತಿನ ಚೀಟಿ ನೀಡತೊಡಗಿತು. 2012ರಲ್ಲಿ ಮಾವಳ್ಳಿಪುರದ ಕಸದ ಗುಡ್ಡ ಮುಚ್ಚಿ, ಬೀದಿಗಳಲ್ಲಿ ಕಸ ಕೊಳೆತು, ವಿಂಗಡಣೆಯ ವಿಷಯ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. ಕ್ರಮೇಣ ವಾರ್ಡುಗಳ ಒಣಕಸ ಕೇಂದ್ರಗಳಲ್ಲಿ ಹಲವನ್ನು ಆಯುವವರೇ ನಡೆಸಿದರು. 2016ರ ಘನತ್ಯಾಜ್ಯ ನಿಯಮಗಳು ಆಯುವವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದು ವಿಧಿಸಿದುದಕ್ಕೆ ಪುಣೆ, ಬೆಂಗಳೂರುಗಳಂಥ ನಗರಗಳ ಅನುಭವವೇ ಹಿನ್ನೆಲೆ.

ಹಾಗಾದರೆ ರೇಡಿಯೋ ಬಿಲ್ಲೆ ಬೇಡವೆ? ಹಾಗೆನ್ನುವುದು ಅವಿವೇಕ. ಗುರುತಿನ ಚೀಟಿಯೂ ಒಂದು ಮುದ್ರೆಯೇ, ಬಿಲ್ಲೆಯೂ ಒಂದು ಮುದ್ರೆಯೇ. ಭೇದವಿರುವುದು ಅದು ಯಾರ ಕೈಯಲ್ಲಿದೆ ಎಂಬುದರಲ್ಲಿ. ಚೀಟಿಯನ್ನು ಧರಿಸಿದ ಸ್ತ್ರೀ ಅದನ್ನು ತೋರಿಸಿ ಹಕ್ಕನ್ನು ಕೇಳಿದಳು. ಅವಳು ಎಷ್ಟು ಮನೆಗಳ ಕಸವನ್ನೆತ್ತಿದಳು, ಎಷ್ಟು ಶುಲ್ಕ ಅವಳಿಗೆ ಬಾಕಿ ಇದೆ ಎಂಬುದಕ್ಕೆ ಬಿಲ್ಲೆಯ ದಾಖಲೆ ಸಾಕ್ಷಿಯಾಗಿ, ಆ ದಾಖಲೆ ಅವಳಿಗೂ ದೊರೆಯುವಂತಿದ್ದರೆ, ಅದು 1990ರ ಚೀಟಿಯ ಮುಂದುವರಿಕೆಯಾಗುತ್ತದೆ. ಕೇವಲ ಅವಳ ತಪ್ಪುಗಳನ್ನು ಎಣಿಸಿ, ಕೊನೆಗೆ ಅವಳ ಜಾಗಕ್ಕೆ ಗುತ್ತಿಗೆದಾರನ ಲಾರಿಯನ್ನು ತರುವುದಕ್ಕೆ ಅದು ಸಾಧನವಾದರೆ, 1990ರಲ್ಲಿ ಬಂದ ವಾಹನವೇ ಹೊಸ ವೇಷದಲ್ಲಿ ಮರಳಿದಂತೆ.

ಹಳಗನ್ನಡದಲ್ಲಿ ‘ಕಸವರ’ವೆಂದರೆ ಹೊನ್ನು. ‘ಕಸ’ಕ್ಕೂ ಅದಕ್ಕೂ ಶಬ್ದಸಂಬಂಧವಿದೆಯೆಂದು ಸಾಧಿಸುವುದು ಉಚಿತವಲ್ಲ. ಆದರೆ ಅರ್ಥಸಂಬಂಧವನ್ನು ಪುಣೆಯ ಬಡ ಸ್ತ್ರೀಯರು ತಮ್ಮ ಕೈಗಳಿಂದಲೇ ಸಾಧಿಸಿ ತೋರಿಸಿದ್ದಾರೆ. ಹೊಸ ಲೆಕ್ಕದ ಪುಸ್ತಕ ಯಾವುದೇ ಬರಲಿ, ಅದರ ಮೊದಲ ಪುಟದಲ್ಲಿ ಈ ಸಾಲ ನಮೂದಾಗಿರಬೇಕು.